ಸಮುದ್ರಕ್ಕೆ ರಹದಾರಿ ಕೊಡುವವರು ಯಾರು?

ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರಿನಲ್ಲಿ ಉತ್ಸವ ನಡೆಯುತ್ತದೆ. ಮೆರವಣಿಗೆ, ಹಾರ, ಭಾಷಣ, ಬಹುಮಾನ ವಿತರಣೆ ಎಲ್ಲವೂ ಆಗುತ್ತವೆ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗೊಂದಕ್ಕೂ ಆಕೆಯ ಹೆಸರನ್ನಿಟ್ಟರು. ಇದೆಲ್ಲ ಆಗಬೇಕಾದದ್ದೇ, ಇದನ್ನು ಆಕ್ಷೇಪಿಸಲು ನಾನು ಈ ಲೇಖನ ಬರೆಯುತ್ತಿಲ್ಲ. ಆದರೆ ವೇದಿಕೆಯ ಮೇಲಿಂದ ಬರುವ ಮಾತುಗಳಲ್ಲಿ ಕತ್ತಿ, ಕುದುರೆ, ಶೌರ್ಯ, ಸಾಹಸ ಇವುಗಳೇ ತುಂಬಿರುತ್ತವೆ. ಆ ಹೆಂಗಸು ಕತ್ತಿ ಹಿರಿದದ್ದು ಯಾತಕ್ಕೆ ಎಂಬ ಮಾತು ಮಾತ್ರ ಬರುವುದೇ ಇಲ್ಲ.

ನಾನು ಶಾಲೆಯ ಮಾಸ್ತರನಾಗಿದ್ದಾಗ ನಾನೂ ಅದನ್ನು ಹೇಳಿದವನಲ್ಲ. "ಅಬ್ಬಕ್ಕ ರಾಣಿ ಪೋರ್ಚುಗೀಸರನ್ನು ಎದುರಿಸಿ ಹೋರಾಡಿದಳು" ಎಂದು ಹುಡುಗರಿಂದ ಬರೆಯಿಸಿ, ಅದಕ್ಕೆ ಎರಡು ಅಂಕ ಕೊಟ್ಟು, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಮೊದಲ ಬಾರಿಗೆ ಸರಿಯಾದ ಪ್ರಶ್ನೆ ಕೇಳಿದವನು ಮೂಟೆ ಹೊರುವ ಒಬ್ಬ ಕಾರ್ಮಿಕ. ಸಂಘದ ಸಭೆ ಮುಗಿದು ಚಾಪೆ ಮಡಿಚುತ್ತಿದ್ದಾಗ ಅವನು, "ಮಾಸ್ತರೇ, ರಾಣಿಗೂ ಫರಂಗಿಗೂ ಜಗಳ ಬಂದದ್ದು ಯಾವ ಲೆಕ್ಕದ ಮೇಲೆ?" ಎಂದ. ಲೆಕ್ಕ ಎಂಬ ಆ ಶಬ್ದ ನನ್ನನ್ನು ಹಿಡಿದು ನಿಲ್ಲಿಸಿತು. ನಿಜವಾಗಿ ಅದು ಲೆಕ್ಕದ ಜಗಳವೇ. ಅಕ್ಕಿಯ ಲೆಕ್ಕ, ಮೆಣಸಿನ ಲೆಕ್ಕ, ಒಂದು ತುಂಡು ಕಾಗದದ ಲೆಕ್ಕ. ಆ ಲೆಕ್ಕವನ್ನು ಬಿಡಿಸಿ ನೋಡಿದರೆ ಅದು ಇಂದು ಗಿರಣಿಯಲ್ಲಿ ದುಡಿಯುವವನಿಗೂ ಸಂತೆಯಲ್ಲಿ ಅಂಗಡಿ ಹಾಕುವವನಿಗೂ ಸಂಬಂಧಪಟ್ಟ ವಿಷಯವೆಂದು ತಿಳಿದೀತು.

ಯಾರ ಸೊತ್ತೂ ಆಗಿರದ ಸಮುದ್ರ

ಪೋರ್ಚುಗೀಸರು ಬರುವ ಮೊದಲು ನಮ್ಮ ಪಡುಗಡಲಲ್ಲಿ ವ್ಯಾಪಾರವೇ ಇರಲಿಲ್ಲವೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಅವರು ಬರುವುದಕ್ಕೆ 350 ವರ್ಷಗಳ ಹಿಂದೆಯೇ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಅವನ ಮೂಲ ಆಫ್ರಿಕದ ಉತ್ತರ ತೀರದ ಟ್ಯುನೀಸಿಯಾ. ಅವನ ಪತ್ರಗಳು ಕೈರೋ ನಗರದ ಒಂದು ಯೆಹೂದಿ ಪ್ರಾರ್ಥನಾಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದಿದ್ದು ಈಗ ವಿದ್ವಾಂಸರ ಕೈಗೆ ಸಿಕ್ಕಿವೆ. ಅವನು ಇಲ್ಲಿ ಕಂಚು ಹಿತ್ತಾಳೆಯ ಕಾರ್ಖಾನೆಯನ್ನು ನಡೆಸುತ್ತಿದ್ದ. ಏಡನ್ ಬಂದರಿನ ವರ್ತಕರು ಒಡೆದ ಪಾತ್ರೆ, ಹಳೆಯ ತಾಮ್ರವನ್ನು ಹಡಗಿಗೆ ಹೇರಿ ಕಳುಹಿಸುತ್ತಿದ್ದರು. ಇಲ್ಲಿನ ಕೆಲಸಗಾರರು ಅದನ್ನು ಕರಗಿಸಿ, ಎರಕ ಹೊಯ್ದು, ಹೊಸ ಪಾತ್ರೆ ಮಾಡಿ ಮರಳಿ ಕಳುಹಿಸುತ್ತಿದ್ದರು. ಬೊಮ್ಮ ಎಂಬ ತುಳುನಾಡಿನ ಆಳು ಯಜಮಾನನ ವ್ಯಾಪಾರಕ್ಕಾಗಿ ಏಡನ್‌ವರೆಗೆ ಹೋಗಿಬರುತ್ತಿದ್ದ. ಎಂದರೆ ಸುಮಾರು 900 ವರ್ಷಗಳ ಹಿಂದೆಯೇ ಮಂಗಳೂರಿನ ಕುಲುಮೆಯ ಬೆಂಕಿಗೂ ಅರಬ್ಬಿ ದೇಶದ ಅಡಿಗೆಮನೆಗೂ ನಂಟಿತ್ತು.

ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ ಎಂಬ ಮೊರೊಕ್ಕೊ ದೇಶದ ಪ್ರವಾಸಿ, ಫಾರಸ್ ಮತ್ತು ಯೆಮನಿನ ವರ್ತಕರು ಇಲ್ಲಿಗೆ ಬರುತ್ತಾರೆಂದು ಬರೆದಿದ್ದಾನೆ. ಊರ ಹೊರಗೆ ಸುಮಾರು 4,000 ಮುಸಲ್ಮಾನರು ವಾಸವಾಗಿದ್ದರಂತೆ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತು. ಜಗಳವಾದಾಗಲೆಲ್ಲ ದೊರೆಯೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ. ಯಾಕೆ? ಅವನಿಗೆ ವರ್ತಕರು ಬೇಕಾಗಿತ್ತು. ಅಂದಿನ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಜಗಳ ಅಂದೂ ಇತ್ತು. ಆದರೆ ಜಗಳವನ್ನು ನಂದಿಸುವುದು ಆಳುವವನ ಕೆಲಸವೆಂಬ ತಿಳಿವಳಿಕೆಯೂ ಇತ್ತು.

ಸುಮಾರು 1516ರಲ್ಲಿ ಬರೆದ ದುವಾರ್ತೆ ಬಾರ್ಬೋಸಾ ಸ್ವತಃ ಪೋರ್ಚುಗೀಸನೇ. ಮಂಗಳೂರಿನಿಂದ ಹಡಗುಗಳು ಅಕ್ಕಿಯನ್ನು ತುಂಬಿಕೊಂಡು ಮಲಬಾರಿಗೂ ಏಡನ್ನಿಗೂ ಹೋಗುತ್ತವೆಂದು ಅವನು ಹೇಳುತ್ತಾನೆ. ಬಿಳಿಯ ಅಕ್ಕಿಗಿಂತ ಕಪ್ಪು ಬಣ್ಣದ ಅಕ್ಕಿಯೇ ಮೈಗೆ ಒಳ್ಳೆಯದೆಂದೂ ಸೇರಿಸುತ್ತಾನೆ. ನಮ್ಮ ಕೆಂಪಕ್ಕಿಯ ಗಂಜಿ ಉಂಡವರಿಗೆ ಈ ಮಾತು ಹೊಸದೇನಲ್ಲ. ಕರಿಮೆಣಸೂ ಇಲ್ಲಿಂದಲೇ ಹೋಗುತ್ತಿತ್ತು.

ಇಷ್ಟು ವ್ಯಾಪಾರಕ್ಕೆ ಕಟ್ಟಳೆ ಏನಿತ್ತು? ಹಡಗು ಬಂದರಿಗೆ ಬಂದರೆ ದೊರೆಗೆ ಸುಂಕ ಕೊಡಬೇಕು. ಅಷ್ಟೇ. ಬಂದರಿಗೆ ಒಡೆಯನಿದ್ದ, ಸಮುದ್ರಕ್ಕೆ ಒಡೆಯನಿರಲಿಲ್ಲ. ನೀರಿನ ಮೇಲೆ ಹೋಗುವವನನ್ನು ತಡೆದು "ಯಾರ ಅಪ್ಪಣೆಯಿಂದ ಹೋಗುತ್ತೀಯೆ?" ಎಂದು ಕೇಳುವ ಹಕ್ಕು ಇಡೀ ಸಮುದ್ರದ ಮೇಲೆ ತನಗಿದೆಯೆಂದು ಯಾವ ದೊರೆಯೂ ಹೇಳಿರಲಿಲ್ಲ. ಕಡಲುಗಳ್ಳರು ತಡೆಯುತ್ತಿದ್ದರು, ನಿಜ. ಆದರೆ ಅವರು ತಮ್ಮನ್ನು ಸರಕಾರವೆಂದು ಕರೆದುಕೊಳ್ಳುತ್ತಿರಲಿಲ್ಲ.

ಕಾಗದದ ಹಿಂದೆ ಫಿರಂಗಿ

1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದ. 1502ರಲ್ಲಿ ಎರಡನೆಯ ಬಾರಿ ಬಂದಾಗ ಅವನ ಹಡಗುಗಳ ತುಂಬ ಫಿರಂಗಿಗಳಿದ್ದುವು. ದಾರಿಯಲ್ಲಿ ಭಟ್ಕಳದ ಬಂದರಿನಲ್ಲಿ ಅವನು ಹಾಕಿದ ಷರತ್ತುಗಳನ್ನು ಗಾಸ್ಪರ್ ಕೊರಿಯಾ ಎಂಬ ಪೋರ್ಚುಗೀಸ್ ಚರಿತ್ರಕಾರ ಬರೆದಿಟ್ಟಿದ್ದಾನೆ. ಮೆಣಸಿನ ವ್ಯಾಪಾರ ಮಾಡಕೂಡದು. ತುರ್ಕರನ್ನು ಬಂದರಿಗೆ ಸೇರಿಸಕೂಡದು. ಕಲ್ಲಿಕೋಟೆಯೊಡನೆ ವ್ಯವಹಾರ ಇಟ್ಟುಕೊಳ್ಳಕೂಡದು. ಇದರ ಮೇಲೆ ವರ್ಷಕ್ಕೆ 1,000 ಹೇರು ಅಕ್ಕಿಯನ್ನು ಹಡಗಿನ ಆಳುಗಳಿಗೂ, 500 ಹೇರು ಉತ್ತಮ ಅಕ್ಕಿಯನ್ನು ಕಪ್ತಾನರಿಗೂ ಒಪ್ಪಿಸಬೇಕು. ವಾಚಕರು ಗಮನಿಸಬೇಕು: ಕೊಳ್ಳೆಯ ಅಕ್ಕಿಯಲ್ಲಿಯೂ ಆಳಿಗೊಂದು, ಧಣಿಗೊಂದು! ಭಟ್ಕಳದ ಗದ್ದೆಯ ರೈತನಿಂದ ಕಿತ್ತುಕೊಂಡವರು ತಮ್ಮ ಹಡಗಿನ ಬಡ ಖಲಾಸಿಗೂ ಸಮಪಾಲು ಕೊಡಲಿಲ್ಲ.

ಅಲ್ಲಿಂದ ಅವನು ಕಲ್ಲಿಕೋಟೆಗೆ ಹೋದ. ಅಲ್ಲಿಯ ದೊರೆ ಸಾಮೂದಿರಿಗೆ ಅವನು ಒಡ್ಡಿದ ಮೊದಲನೆಯ ಬೇಡಿಕೆ, ಊರಿನಲ್ಲಿರುವ ಮುಸಲ್ಮಾನ ವರ್ತಕರನ್ನೆಲ್ಲ ಹೊರಗಟ್ಟಬೇಕೆಂಬುದು. ಸಾಮೂದಿರಿ ಒಪ್ಪಲಿಲ್ಲ. ಅವರದು 4,000ಕ್ಕೂ ಹೆಚ್ಚು ಮನೆಗಳಿವೆ, ಅವರು ಈ ನಾಡಿನವರೇ, ಅವರನ್ನು ಅಟ್ಟುವುದು ಸಾಧ್ಯವಿಲ್ಲವೆಂಬ ಅರ್ಥದ ಉತ್ತರ ಕೊಟ್ಟ. ಇದಕ್ಕೆ ಗಾಮಾ ಕೊಟ್ಟ ಪ್ರತ್ಯುತ್ತರ ಏನು? ಮೀನು ಮಾರಲು ದೋಣಿಯಲ್ಲಿ ಹಡಗುಗಳ ಬಳಿಗೆ ಬಂದಿದ್ದ ಮೂವತ್ತಕ್ಕೂ ಹೆಚ್ಚು ಬಡಪಾಯಿಗಳನ್ನು ಹಿಡಿಸಿ ಹಡಗಿನ ಕಂಬಗಳಿಗೆ ನೇಣು ಹಾಕಿಸಿ, ಊರಿನ ಮೇಲೆ ಗುಂಡು ಸುರಿಸಿದ. ದೊಡ್ಡ ವರ್ತಕರ ಮೇಲಿನ ಕೋಪಕ್ಕೆ ಮೊದಲು ಸತ್ತವರು ಬುಟ್ಟಿಯಲ್ಲಿ ಮೀನು ತಂದವರು. ಇತಿಹಾಸದಲ್ಲಿ ಯಾವಾಗಲೂ ಹೀಗೆಯೇ ನಡೆಯುತ್ತದೆ.

1510ರಲ್ಲಿ ಗೋವೆ ಅವರ ಕೈಸೇರಿತು. ಈ ಕಾಲದಲ್ಲಿ ಬೆಳೆದುಬಂದ ಪದ್ಧತಿಯೇ ಕಾರ್ತಾಜ್. ಅರಬ್ಬಿ ಭಾಷೆಯಲ್ಲಿ ಕಾಗದಕ್ಕೆ ಇರುವ ಶಬ್ದದಿಂದ ಬಂದ ಹೆಸರು ಅದು. ನಮ್ಮ ಮಾತಿನಲ್ಲಿ ಹೇಳುವುದಾದರೆ ರಹದಾರಿ ಚೀಟಿ. ಸಮುದ್ರದಲ್ಲಿ ಹೋಗುವ ಪ್ರತಿಯೊಂದು ಹಡಗೂ ಪೋರ್ಚುಗೀಸ್ ಅಧಿಕಾರಿಯಿಂದ ಈ ಚೀಟಿ ಪಡೆಯಬೇಕು. ಹಡಗಿನ ಹೆಸರು, ನಾವಿಕನ ಹೆಸರು, ಅದರ ಗಾತ್ರ, ಆಳುಗಳು, ಆಯುಧ, ಸರಕು, ಹೋಗುವ ಊರು ಎಲ್ಲವನ್ನೂ ಅದರಲ್ಲಿ ಕಾಣಿಸಬೇಕು. ಚೀಟಿ ಇಲ್ಲದ ಹಡಗು ಸಿಕ್ಕಿದರೆ ಹಡಗು ಜಪ್ತಿ, ಸರಕು ಜಪ್ತಿ. ಆಳುಗಳಿಗೆ ಸಾವು, ಇಲ್ಲವೆ ಹುಟ್ಟು ಹಾಕುವ ಜೀತ.

ಚೀಟಿಯ ಶುಲ್ಕವೇನೂ ದೊಡ್ಡದಾಗಿರಲಿಲ್ಲ. ಇದನ್ನೇ ಹಿಡಿದುಕೊಂಡು, "ಅಲ್ಪ ಹಣಕ್ಕಾಗಿ ಯಾಕೆ ರಂಪ?" ಎಂದು ಕೇಳುವ ಬುದ್ಧಿವಂತರು ಅಂದೂ ಇದ್ದಿರಬೇಕು, ಇಂದೂ ಇದ್ದಾರೆ. ಮೋಸ ಇದ್ದದ್ದು ಶುಲ್ಕದಲ್ಲಲ್ಲ. ಚೀಟಿ ಪಡೆದ ಹಡಗು ಪೋರ್ಚುಗೀಸರ ಬಂದರಿಗೆ ಹೋಗಿ ಅಲ್ಲಿ ಸುಂಕ ಕಟ್ಟಬೇಕಾಗಿತ್ತು. ಮೆಣಸು, ಶುಂಠಿ, ದಾಲ್ಚಿನ್ನಿ, ಕುದುರೆ ಮುಂತಾದ ಲಾಭದ ಸರಕನ್ನು ಮುಟ್ಟಕೂಡದಾಗಿತ್ತು. ಅದು ಅವರ ಗುತ್ತಿಗೆ. ಯಾರೊಡನೆ ವ್ಯಾಪಾರ, ಯಾವ ಸರಕಿನ ವ್ಯಾಪಾರ, ಯಾವ ಊರಿಗೆ ವ್ಯಾಪಾರ ಎಂಬುದನ್ನು ಇನ್ನು ಮೇಲೆ ಅವರೇ ನಿರ್ಧರಿಸುವರು. ಮೊದಲು ಭಯವನ್ನು ಹುಟ್ಟಿಸಿ, ಆಮೇಲೆ ಅಭಯವನ್ನು ಮಾರುವುದು. ಕಾರ್ತಾಜ್ ಎಂದರೆ ಇಷ್ಟೇ. ದಿಲ್ಲಿ ಆಗ್ರಾಗಳ ಅಕ್ಬರ ಬಾದಶಹನು ಕೂಡ ಗುಜರಾತನ್ನು ಗೆದ್ದ ಮೇಲೆ ಮೆಕ್ಕಾ ಯಾತ್ರೆಯ ಹಡಗುಗಳಿಗೆ ಈ ಚೀಟಿ ಪಡೆಯಬೇಕಾಯಿತು. ನೆಲದ ಮೇಲೆ ಲಕ್ಷ ದಂಡು ಇದ್ದವನು ನೀರಿನ ಮೇಲೆ ಚೀಟಿಯವನಾದ.

ದೊಡ್ಡವರು ಕುದುರೆ ಪಡೆದರು

ನಮ್ಮ ವಿಜಯನಗರದ ಅರಸರು ಏನು ಮಾಡುತ್ತಿದ್ದರೆಂದು ಕೇಳಬಹುದು. ಕರಾವಳಿಯ ಸಣ್ಣ ಅರಸರೆಲ್ಲ ಅವರಿಗೆ ಅಧೀನರಷ್ಟೆ? ಹೌದು. 1547ರಲ್ಲಿ ಸದಾಶಿವರಾಯನ ಹೆಸರಿನಲ್ಲಿ ಪೋರ್ಚುಗೀಸರೊಡನೆ ಒಪ್ಪಂದವಾಯಿತು. ಗೋವೆಗೆ ಬರುವ ಅರಬ್ಬಿ ಕುದುರೆಗಳು ವಿಜಯನಗರಕ್ಕೇ ಸಿಗಬೇಕು, ಬಿಜಾಪುರಕ್ಕೆ ಹೋಗಬಾರದು. ಅದಕ್ಕೆ ಪ್ರತಿಯಾಗಿ ರಾಜ್ಯದ ಸರಕು ಹೊನ್ನಾವರ, ಅಂಕೋಲಗಳಲ್ಲಿ ಪೋರ್ಚುಗೀಸರಿಗೆ ಸಲ್ಲಬೇಕು. ಯುದ್ಧಕ್ಕೆ ಕುದುರೆ ಬೇಕಾದವರು ಕುದುರೆ ಪಡೆದರು. ಕರಾವಳಿಯ ಬಂದರುಗಳ ಗತಿಯನ್ನು ಯಾರೂ ಕೇಳಲಿಲ್ಲ. ಮೇಲಿನವರು ತಮ್ಮ ತಮ್ಮಲ್ಲಿ ಕರಾರು ಮಾಡಿಕೊಂಡಾಗ ಕೆಳಗಿನವರ ಅನ್ನ ಅದರ ಕೊನೆಯ ಸಾಲಿನಲ್ಲಿ ಕರಗಿಹೋಗುತ್ತದೆ.

1565ರಲ್ಲಿ ತಾಳಿಕೋಟೆಯ ಯುದ್ಧವಾಗಿ ವಿಜಯನಗರದ ಬೆನ್ನು ಮುರಿಯಿತು. ಆ ಮೇಲೆ ಪೋರ್ಚುಗೀಸರು ತಡಮಾಡಲಿಲ್ಲ. 1568ರಲ್ಲಿ ಮಂಗಳೂರಿನಲ್ಲಿ ಕೋಟೆ, 1569ರಲ್ಲಿ ಹೊನ್ನಾವರ ಮತ್ತು ಬಸರೂರುಗಳಲ್ಲಿ ಕೋಟೆ. ನಾಲ್ಕು ವರ್ಷಗಳೊಳಗೆ ಮೆಣಸಿನ ಬಾಗಿಲು, ಅಕ್ಕಿಯ ಬಾಗಿಲು ಎರಡಕ್ಕೂ ಅವರ ಬೀಗ ಬಿತ್ತು. ಹೊನ್ನಾವರದ ಬೆನ್ನಿಗಿರುವ ಗೇರುಸೊಪ್ಪೆಯಲ್ಲಿ ಆಗ ಇದ್ದವಳು ಚೆನ್ನಭೈರಾದೇವಿ. ಪೋರ್ಚುಗೀಸರೇ ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ಮಂಗಳೂರಿನ ತೆಂಕು ದಿಕ್ಕಿಗೆ, ನೇತ್ರಾವತಿ ನದಿಯ ಆಚೆ ದಡದಲ್ಲಿ, ಉಳ್ಳಾಲ. ಅಲ್ಲಿ ಚೌಟರ ಮನೆತನದ ರಾಣಿ.

ಉಳ್ಳಾಲ ಒಪ್ಪಲಿಲ್ಲ

ಚೌಟರು ಜೈನರು. ಅವರಲ್ಲಿ ಅಳಿಯಕಟ್ಟು, ಹೆಣ್ಣಿನ ಕಡೆಯಿಂದ ಅಧಿಕಾರ ಬರುತ್ತಿತ್ತು. ಅಬ್ಬಕ್ಕನೆಂಬ ಹೆಸರಿನಲ್ಲಿ ಒಬ್ಬಳಲ್ಲ, ಒಬ್ಬರ ತರುವಾಯ ಒಬ್ಬರು ಆಳಿದರೆಂದು ಇತಿಹಾಸಕಾರರು ಹೇಳುತ್ತಾರೆ. 1550ರ ದಶಕದಲ್ಲಿ ಪೋರ್ಚುಗೀಸರನ್ನು ಎದುರಿಸಿದವಳೂ, 1623ರಲ್ಲಿ ಸುಮಾರು ನಲ್ವತ್ತರ ವಯಸ್ಸಿನವಳಾಗಿ ಕಂಡವಳೂ ಒಬ್ಬಳೇ ಆಗಿರುವುದು ಸಾಧ್ಯವಿಲ್ಲವಷ್ಟೆ. ಇದರಿಂದ ಆ ಹೆಸರಿನ ಘನತೆ ಕುಂದುವುದಿಲ್ಲ. ಒಬ್ಬ ವೀರಳ ಸಾಹಸಕ್ಕಿಂತ, ಎರಡು ಮೂರು ತಲೆಮಾರು ಬಿಡದೆ ನಡೆದ ಹಟ ದೊಡ್ಡದು.

ಪೋರ್ಚುಗೀಸರ ದೂರು ಒಂದೇ: ಉಳ್ಳಾಲದ ರಾಣಿ ಕಪ್ಪ ಒಪ್ಪಿಸುವುದಿಲ್ಲ. 1550ರ ದಶಕದ ನಡುವಿನಲ್ಲಿ ಅಲ್ವಾರೋ ಡ ಸಿಲ್ವೇರಾ ಎಂಬ ದಳಪತಿಯನ್ನು ಇದೇ ಕಾರಣಕ್ಕಾಗಿ ಕಳುಹಿಸಿದರು. ಅವನ ದಂಡು ಮಂಗಳೂರನ್ನು ಸೂರೆ ಮಾಡಿತು. 1568ರ ಜನವರಿಯಲ್ಲಿ ಗೋವೆಯ ವೈಸರಾಯ್ ಅಂತಾವ್ ಡ ನೊರೊನ್ಹಾ ತಾನೇ ನೌಕಾದಳದೊಡನೆ ಬಂದ. ಊರು ಸುಟ್ಟಿತು. ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನನ ಹೆಸರಿನ ಕೋಟೆ ಎದ್ದಿತು. ಅರಮನೆ ಬಿದ್ದ ರಾತ್ರಿ ರಾಣಿ ಒಂದು ಮಸೀದಿಯಲ್ಲಿ ಆಶ್ರಯ ಪಡೆದು, ಇನ್ನೂರು ಮಂದಿಯನ್ನು ಕೂಡಿಸಿಕೊಂಡು ಮರಳಿ ಬಿದ್ದಳೆಂದು ಕರಾವಳಿಯ ಜನ ಹೇಳುತ್ತ ಬಂದಿದ್ದಾರೆ. ಇದು ಜನರ ಬಾಯಲ್ಲಿ ಉಳಿದ ಕಥೆ. ಜೈನ ರಾಣಿಗೆ ಮಸೀದಿಯ ಬಾಗಿಲು ತೆರೆದಿತ್ತೆಂದು ಜನ ನಂಬಿದ್ದಾರೆ. ನಂಬಿ ಮಕ್ಕಳಿಗೆ ಹೇಳಿದ್ದಾರೆ. ಇದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಬಾಯ ಕಥೆ ಬೇಡವೆನ್ನುವವರಿಗೆ ಪೋರ್ಚುಗೀಸರೇ ಬರೆದಿಟ್ಟ ಪ್ರಸಂಗವೊಂದಿದೆ. 1570–71ರಲ್ಲಿ ಬಿಜಾಪುರ, ಅಹಮದ್‌ನಗರ, ಕಲ್ಲಿಕೋಟೆಗಳು ಕೂಡಿ ಪೋರ್ಚುಗೀಸರ ಮೇಲೆ ಬಿದ್ದುವು. ಗೋವೆಗೂ ಚೌಲಿಗೂ ಮುತ್ತಿಗೆ ಬಿತ್ತು. ಆಗ ಕಲ್ಲಿಕೋಟೆಯ ಕುಟ್ಟಿ ಪೋಕರ್ ಎಂಬ ಮಾಪಿಳ್ಳೆ ನಾವಿಕ ಚೌಲಿನಿಂದ ಹಿಂದಿರುಗುತ್ತಿದ್ದ. ಉಳ್ಳಾಲದ ರಾಣಿ ಅವನಿಗೆ ಹೇಳಿಕಳುಹಿಸಿದಳು. ಅವನ ಜನ ರಾತ್ರಿ ಮಂಗಳೂರಿನ ಕೋಟೆಗೆ ಏಣಿ ಹಾಕಿ ಹತ್ತಿದರು. ಒಳಗಿನವರು ಎಚ್ಚತ್ತು ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದರು. ಹಾಗೆ ಎಸೆದದ್ದರಲ್ಲಿ ಬೆಳ್ಳಿ ತುಂಬಿದ ಪೆಟ್ಟಿಗೆಯೂ ಇತ್ತಂತೆ. ಕೋಟೆ ಬೀಳಲಿಲ್ಲ. ಹಿಂದಿರುಗುವ ದಾರಿಯಲ್ಲಿ ಪೋರ್ಚುಗೀಸರ ನೌಕಾದಳ ಎದುರಾಗಿ ಕುಟ್ಟಿ ಪೋಕರ್ ಕಾದಾಡಿ ಸತ್ತ.

ಪೋರ್ಚುಗೀಸರ ದಫ್ತರದಲ್ಲಿ ಇಂಥವರೆಲ್ಲ ಕಡಲುಗಳ್ಳರು. ಸಮುದ್ರವನ್ನೇ ಕದ್ದವರು, ಚೀಟಿ ಇಲ್ಲದೆ ಅಕ್ಕಿ ಸಾಗಿಸಿದವನನ್ನು ಕಳ್ಳನೆಂದು ಕರೆದರು! ಗಿರಣಿಯ ಗೇಟಿನ ಮುಂದೆ ಧರಣಿ ಕುಳಿತವರನ್ನು ಪುಂಡರೆಂದು ಕರೆಯುವ ಶಬ್ದಕೋಶವೂ ಇದೇ ಅಚ್ಚಿನಿಂದ ಬಂದದ್ದು.

ರಾಣಿಯ ಹಟ ಬರಿಯ ಮಾನದ ಹಟವಾಗಿರಲಿಲ್ಲವೆಂಬುದು ಈಗ ಸ್ಪಷ್ಟವಾಗಬೇಕು. ಬಂದರು ನಿಂತರೆ ಸುಂಕ ನಿಲ್ಲುತ್ತದೆ. ಅದು ಆಕೆಯ ನಷ್ಟ. ಆದರೆ ಅದರೊಡನೆ ಭತ್ತ ಕುಟ್ಟುವವಳ ಕೂಲಿ ನಿಲ್ಲುತ್ತದೆ. ಅಕ್ಕಿಮುಡಿ ಕಟ್ಟುವವನ, ಅದನ್ನು ಹೊತ್ತು ದಡಕ್ಕೆ ತರುವವನ, ದೋಣಿ ನಡೆಸುವವನ, ಹಗ್ಗ ಹೊಸೆಯುವವನ, ಹಲಗೆ ಜೋಡಿಸುವ ಬಡಗಿಯ ಅನ್ನ ನಿಲ್ಲುತ್ತದೆ. ಈ ಎಲ್ಲರಿಗೂ ಬೇರೆ ಬೇರೆ ದೇವರಿದ್ದರು. ಹಸಿವು ಒಂದೇ ಇತ್ತು.

ಮನೆಯೊಳಗಿನ ಬಿರುಕು

ಹೊರಗಿನ ಫಿರಂಗಿ ಒಡೆಯಲಾರದ್ದನ್ನು ಒಳಗಿನ ಬಿರುಕು ಒಡೆಯುತ್ತದೆ. ಮುಂದಿನ ಕಾಲದ ರಾಣಿಯ ಗಂಡ ಬಂಗ ಅರಸ. ನೇತ್ರಾವತಿಯ ಈಚೆ, ಮಂಗಳೂರಿನ ಕಡೆ ಅವನ ಆಡಳಿತ. ಗಂಡಹೆಂಡಿರಿಗೆ ಮನಸ್ತಾಪ ಬಂದು ಬೇರೆಯಾದರು. ಮನಸ್ತಾಪ ಯಾವ ಮನೆಯಲ್ಲಿಲ್ಲ? ಆದರೆ ಬಂಗ ಅರಸ ಪೋರ್ಚುಗೀಸರ ಆಸರೆ ಹಿಡಿದ. ರಾಣಿ ಘಟ್ಟದ ಮೇಲಿನ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದಳು. ನಾಯಕನ ದಂಡು ಬಂದು ಬಂಗನನ್ನೂ, ಅವನ ಬೆನ್ನಿಗೆ ಬಂದ ಪೋರ್ಚುಗೀಸರನ್ನೂ ಸೋಲಿಸಿ, ಬಂಗನ ಕೋಟೆಯನ್ನು ನೆಲಸಮ ಮಾಡಿತು. ಗೆದ್ದದ್ದು ರಾಣಿಯೇ? ಕರೆದು ತಂದ ನಾಯಕನ ಕೈ ಕರಾವಳಿಯ ಮೇಲೆ ಬಲವಾಯಿತು. ಉಳ್ಳಾಲವೂ ಅವನ ನೆರಳಿನಲ್ಲಿ ನಿಲ್ಲಬೇಕಾಯಿತು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ನದಿಯ ಎರಡೂ ದಡಗಳ ಪ್ರಜೆ ಬಡವಾದ.

ಈ ವ್ಯಾಜ್ಯದ ಬಗ್ಗೆ ಮಾತುಕತೆಗೆಂದು 1623ರಲ್ಲಿ ಪೋರ್ಚುಗೀಸರ ರಾಯಭಾರಿ ಇಕ್ಕೇರಿಗೆ ಹೋದಾಗ, ಅವನ ಜೊತೆಯಲ್ಲಿ ಪಿಯೆತ್ರೊ ಡೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಇದ್ದ. ಅವನು ಆಮೇಲೆ ಘಟ್ಟವಿಳಿದು, ಉಳ್ಳಾಲದ ರಾಣಿಯನ್ನು ನೋಡಲೆಂದೇ ಹೋದ. ಆಕೆ ಸಿಕ್ಕಿದ್ದು ಅರಮನೆಯಲ್ಲಲ್ಲ, ಮಣೇಲು ಎಂಬ ಊರಿನ ಬೀದಿಯಲ್ಲಿ. ಬರಿಗಾಲಿನಲ್ಲಿ ನಡೆದುಬರುತ್ತಿದ್ದಳು. ಸೊಂಟಕ್ಕೆ ದಪ್ಪನೆಯ ಹತ್ತಿಯ ಬಟ್ಟೆ. ತಲೆಯ ಮೇಲೆ ಎಲೆಗಳಿಂದ ಮಾಡಿದ ಕೊಡೆ. ಅಗೆಸುತ್ತಿದ್ದ ಕಾಲುವೆಗಳ ಕೆಲಸ ನೋಡುವುದು ಆಕೆಯ ದಿನದ ಉದ್ಯೋಗ. ಹಗಲು ಅಗೆತದ ಜಾಗದಲ್ಲಿ. ರಾತ್ರಿ ಪ್ರಜೆಗಳ ಅಹವಾಲು ಕೇಳಿ ನ್ಯಾಯ ಹೇಳುವುದು. ರೋಮಿನ ಶ್ರೀಮಂತ ಮನೆತನದ ಡೆಲ್ಲಾ ವಾಲ್ಲೆಗೆ ಆಕೆ ನೋಡಲು ಅಡಿಗೆಮನೆಯ ಕೆಲಸದವಳಂತೆ ಕಂಡಳು. ಆದರೆ ಮಾತನಾಡಿದಾಗ ವಿವೇಕವುಳ್ಳ ರಾಣಿಯೆಂದು ಒಪ್ಪಿಕೊಂಡ.

ಉತ್ಸವದ ಮೆರವಣಿಗೆಯ ಸ್ತಬ್ಧಚಿತ್ರದಲ್ಲಿ ಕುದುರೆಯೇರಿ ರೇಷ್ಮೆಯುಟ್ಟ ರಾಣಿಯನ್ನು ನೋಡುವಾಗಲೆಲ್ಲ ನನಗೆ ಮಣೇಲಿನ ಬೀದಿಯ ಈ ಬರಿಗಾಲು ನೆನಪಾಗುತ್ತದೆ. ಕೆಲಸದ ಹೆಂಗಸಿನಂತೆ ಕಾಣುವುದು ಆ ಪ್ರವಾಸಿಗೆ ಕುಂದಾಗಿ ತೋರಿತು. ನಮ್ಮ ಓದುಗರ ಮನೆಗಳಲ್ಲಿ ಅದು ಕುಂದೆಂದು ಯಾರಿಗೂ ತೋರಲಾರದು.

ಹೊಗಳಿಕೆಗೂ ಒಂದು ಮಿತಿ

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಅಬ್ಬಕ್ಕ ಸಮಾಜವಾದಿಯಲ್ಲ. ಆಕೆಯೂ ಒಡತಿಯೇ. ಬಂದರಿನ ಸುಂಕ, ಗದ್ದೆಯ ಗೇಣಿ ಎರಡೂ ಆಕೆಯ ಬೊಕ್ಕಸಕ್ಕೆ ಬರುತ್ತಿದ್ದುವು. ಹೊರೆಯಾಳಿನ ಬೆನ್ನು ಆಕೆಯ ಕಾಲದಲ್ಲಿಯೂ ಬಾಗಿಯೇ ಇತ್ತು. ಕಲ್ಲಿಕೋಟೆಯ ದೊಡ್ಡ ವರ್ತಕರೂ ಲಾಭಕ್ಕಾಗಿಯೇ ವ್ಯಾಪಾರ ಮಾಡಿದರು. ಬೆನ್ ಯಿಜುವಿನ ಬೊಮ್ಮ ಕೂಡ ಸ್ವತಂತ್ರನಲ್ಲ, ಗುಲಾಮ. ಹಳೆಯ ಕಾಲವನ್ನು ಮರಳಿ ತರಬೇಕೆಂದು ನಮ್ಮ ಪಕ್ಷ ಎಂದೂ ಹೇಳಿಲ್ಲ.

ಆದರೆ ಒಡೆತನದಲ್ಲಿಯೂ ಭೇದವಿದೆ. ತನ್ನ ದಡಕ್ಕೆ ಬಂದ ಸರಕಿಗೆ ಸುಂಕ ಕೇಳುವುದು ಒಂದು. ಎಲ್ಲರ ನೀರನ್ನು ತನ್ನದೆಂದು ಹೇಳಿ, ಯಾರು ದುಡಿಯಬೇಕು, ಯಾರು ದುಡಿಯಬಾರದು ಎಂದು ಆಜ್ಞೆ ಹೊರಡಿಸುವುದು ಇನ್ನೊಂದು. ಮೊದಲನೆಯದರೊಡನೆ ಚೌಕಾಶಿ ಮಾಡಬಹುದು, ಹೋರಾಡಬಹುದು. ಎರಡನೆಯದು ನಿಂತುಬಿಟ್ಟರೆ ಚೌಕಾಶಿಗೂ ಜಾಗ ಉಳಿಯುವುದಿಲ್ಲ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರ ಕೋಟೆಗಳನ್ನು ವಶಪಡಿಸಿಕೊಂಡ. ಆದರೂ ಚೀಟಿಯ ಪದ್ಧತಿ ಸಾಯಲಿಲ್ಲ. ಡಚ್ಚರು ಅದನ್ನು ಕಲಿತರು, ಇಂಗ್ಲಿಷರು ಕಲಿತರು. ಒಮ್ಮೆ ಒಪ್ಪಿಕೊಂಡ ರಹದಾರಿ, ಕೊಡುವ ಕೈ ಬದಲಾದರೂ ಉಳಿಯುತ್ತದೆ.

ನಮ್ಮ ಸಂತೆಯ ಕಾರ್ತಾಜ್

ಈಗ ನಮ್ಮ ಊರಿಗೆ ಬರೋಣ. 2022ರ ಮಾರ್ಚ್ ತಿಂಗಳಲ್ಲಿ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಕೆಲವು ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳು ಅಂಗಡಿ ಹಾಕಕೂಡದೆಂಬ ಫಲಕಗಳು ಎದ್ದುವು. ಬಳೆ, ಆಟಿಗೆ, ಬತ್ತಾಸು, ಕಲ್ಲಂಗಡಿ ಮಾರುವವರು. ವರ್ಷದ ನಾಲ್ಕಾರು ಜಾತ್ರೆಗಳ ಗಳಿಕೆಯಿಂದ ಮಳೆಗಾಲ ಕಳೆಯುವವರು. ಪ್ರಶ್ನೆ ವಿಧಾನಸಭೆಗೆ ಬಂದಾಗ ಅಂದಿನ ಸರಕಾರ, ದೇವಸ್ಥಾನಗಳ ಜಾಗದ ಬಗ್ಗೆ 2002ರಲ್ಲಿ ಮಾಡಿದ್ದ ನಿಯಮವೊಂದನ್ನು ತೋರಿಸಿತು. ಕಾಗದ ತೋರಿಸುವುದು ಹೊಸ ವಿದ್ಯೆಯಲ್ಲ. ಕಾರ್ತಾಜಿಗೂ ಮುದ್ರೆಯಿತ್ತು, ಸಹಿಯಿತ್ತು.

ಭಟ್ಕಳದ ಬಂದರಿನಲ್ಲಿ 1502ರಲ್ಲಿ ಗಾಮಾ ಹಾಕಿದ ಷರತ್ತನ್ನು ಇನ್ನೊಮ್ಮೆ ಓದಿ ನೋಡಿ. ಯಾರೊಡನೆ ವ್ಯಾಪಾರ ಮಾಡಬಾರದು ಎಂಬುದೇ ಅದರ ತಿರುಳು. ಆ ಫಲಕಗಳನ್ನು ಕಟ್ಟಿದವರಲ್ಲಿ ಅಬ್ಬಕ್ಕನಿಗೆ ಜಯಕಾರ ಹಾಕುವವರೂ ಇದ್ದಾರು. ಆಕೆಯ ಹೆಸರು ಅವರ ಬಾಯಲ್ಲಿ. ಗಾಮಾನ ಷರತ್ತು ಅವರ ಕೈಯಲ್ಲಿ.

ಇನ್ನು ಕೆಲವು ವ್ಯಾಪಾರಿ ಮಿತ್ರರು ಗುಟ್ಟಾಗಿ 'ಅವರು ಹೋದರೆ ನಮಗೆ ನಾಲ್ಕು ಗಿರಾಕಿ ಹೆಚ್ಚು ಬಂದಾರು' ಎಂದುಕೊಂಡಿರಬಹುದು. ಅವರಿಗೆ ನನ್ನ ವಿನಂತಿ: ಬಂಗ ಅರಸನೂ ಹೀಗೆಯೇ ಲೆಕ್ಕ ಹಾಕಿದ. ನೆರೆಯವನನ್ನು ಎಬ್ಬಿಸುವ ಅಧಿಕಾರವನ್ನು ನೀವು ಇಂದು ಒಬ್ಬರ ಕೈಗೆ ಕೊಟ್ಟರೆ, ನಾಳೆ ಜಾಗದ ಬಾಡಿಗೆಯನ್ನು ಮೂರು ಪಾಲು ಮಾಡಿ ನಿಮ್ಮನ್ನು ಎಬ್ಬಿಸುವ ಅಧಿಕಾರವೂ ಅದೇ ಕೈಯಲ್ಲಿರುತ್ತದೆ. ಎಬ್ಬಿಸುವವನಿಗೆ ಬೇಕಾದದ್ದು ನಿಮ್ಮ ಧರ್ಮವಲ್ಲ, ಏಳಿಸಿದರೆ ಏಳುವ ನಿಮ್ಮ ಅಭ್ಯಾಸ.

ಗಿರಣಿಯ ಸಂಗಾತಿಗಳಿಗೂ ಇದೇ ಮಾತು. ಗುತ್ತಿಗೆದಾರ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು, "ನಿನಗೆ ಮಾತ್ರ ಕೆಲಸದ ಚೀಟಿ ಕೊಡುತ್ತೇನೆ, ಸಂಘದ ಕಡೆ ಹೋಗಬೇಡ" ಎನ್ನುವುದನ್ನು ನೀವು ಕೇಳಿದ್ದೀರಿ. ಶುಲ್ಕ ಅಲ್ಪವೇ, ಒಂದು ಸಹಿ, ಒಂದು ಮೌನ. ಕರಾವಳಿಯ ಅರಸರು ಒಬ್ಬೊಬ್ಬರಾಗಿ ಬೇರೆ ಬೇರೆ ಚೀಟಿ ಪಡೆದಾಗ ಸಮುದ್ರ ಹೋಯಿತು. ಜೈನ ರಾಣಿ, ಮಾಪಿಳ್ಳೆ ನಾವಿಕ, ಕಲ್ಲಿಕೋಟೆಯ ಹಿಂದೂ ದೊರೆ, ಬಿಜಾಪುರದ ಸುಲ್ತಾನ ಇವರು ಒಂದು ಬೇಸಗೆಯ ಮಟ್ಟಿಗೆ ಕೂಡಿದಾಗ ಗೋವೆಯ ಕೋಟೆಯಲ್ಲಿ ನಿದ್ದೆ ಹಾರಿತು. ಆ ಕೂಟ ಬಾಳಲಿಲ್ಲ ಎಂಬುದು ಅದರ ದೋಷ, ಕೂಡಿದ್ದು ದೋಷವಲ್ಲ.

ಆದುದರಿಂದ ಮುಂದಿನ ಜಾತ್ರೆಯ ಹೊತ್ತಿಗೆ ನಾವು ಮಾಡಬೇಕಾದ ಕೆಲಸ ಸಣ್ಣದು, ಸ್ಪಷ್ಟವಾದದ್ದು. ಒಬ್ಬನ ಅಂಗಡಿಯನ್ನು ಎಬ್ಬಿಸಲು ಯಾರಾದರೂ ಬಂದರೆ ಅವನ ಎಡಬಲದ ಅಂಗಡಿಯವರು ಸುಮ್ಮನೆ ಕುಳಿತಿರಬಾರದು. ಅವನ ಜೊತೆಗೆ ಎದ್ದು ನಿಲ್ಲಬೇಕು. ಸಂಘದ ಸದಸ್ಯರು ರಜೆಯ ದಿನ ಸಂತೆಗೆ ಹೋಗುವಾಗ ಆ ಅಂಗಡಿಯಲ್ಲಿಯೇ ಮಕ್ಕಳಿಗೆ ಬತ್ತಾಸು ಕೊಳ್ಳಬೇಕು. "ಯಾರ ಅಪ್ಪಣೆಯಿಂದ ಮಾರುತ್ತೀಯೆ?" ಎಂದು ಕೇಳಿದವನಿಗೆ ಒಬ್ಬನಲ್ಲ, ಇಡೀ ಸಾಲು ಉತ್ತರ ಕೊಡಬೇಕು.

ಅಂದು ಪ್ರಶ್ನೆ ಕೇಳಿದ ಮೂಟೆಯಾಳಿಗೆ ನಾನು ಈ ಲೆಕ್ಕವನ್ನೆಲ್ಲ ಇನ್ನೊಂದು ಸಭೆಯ ಮೇಲೆ ಹೇಳಿದೆ. ಅವನು ಪೂರ್ತಿ ಕೇಳಿ, ಹೆಗಲ ಮೇಲಿನ ಬೈರಾಸನ್ನು ಸರಿಮಾಡಿಕೊಂಡು, "ಹಾಗಾದರೆ ಆ ಲೆಕ್ಕ ಇನ್ನೂ ಚುಕ್ತ ಆಗಿಲ್ಲ, ಮಾಸ್ತರೇ" ಎಂದ. ಉತ್ಸವದ ವೇದಿಕೆಯಿಂದ ಈ ಒಂದು ಮಾತು ಬಂದರೆ ಸಾಕು; ಉಳಿದ ಭಾಷಣವನ್ನು ನಾನೂ ಚಪ್ಪಾಳೆ ತಟ್ಟಿ ಕೇಳುತ್ತೇನೆ.